ತಾಯಂದಿರ ಮಟ್ಟಿನಲ್ಲಿ ಶಿವಯೋಗ

ವೈರಾಗ್ಯನಿಧಿ ಅಕ್ಕಮಹಾದೇವಿ ಎಂದೊಡನೆ ನಮಗೆ ನೆನಪಾಗುವುದು ಆ ತಾಯಿಯ ವಚನಗಳು. ಅದೇ ಅಕ್ಕ ‘ಯೋಗಾಂಗ ತ್ರಿವಿಧಿ’ ಎಂಬ 67 ತ್ರಿಪದಿಗಳ ಕೃತಿಯನ್ನೂ ಕರುಣಿಸಿದ್ದಾಳೆ. ವಚನಕ್ಕೆ ಛಂದಸ್ಸಿನ ಕಟ್ಟಿಲ್ಲ. ಕಟ್ಟಿಲ್ಲದ ಮಾತಿನಲ್ಲಿ ಅನುಭಾವವನ್ನು ನುಡಿದವಳು ಶಿವಯೋಗದ ವಿಷಯಕ್ಕೆ ಮೂರು ಸಾಲಿನ ಪದ್ಯವನ್ನೇಕೆ ಹಿಡಿದಳು? ಇಂದು ಅದನ್ನು ಚಿಂತಿಸೋಣ.

ತ್ರಿಪದಿಯ ಲಕ್ಷಣ ಬಹು ಸರಳ. ಪದ್ಯದ ನಡಿಗೆಯನ್ನು ಅಳೆಯುವ ಅಳತೆಗೆ ಗಣವೆಂದು ಹೆಸರು. ಮೊದಲ ಸಾಲಿಗೆ 4, ಎರಡನೆಯದಕ್ಕೆ 4, ಮೂರನೆಯದಕ್ಕೆ 3, ಹೀಗೆ ಒಟ್ಟು 11 ಗಣಗಳು. ಇವುಗಳಲ್ಲಿ 6ನೆಯದು ಮತ್ತು 10ನೆಯದು ಚಿಕ್ಕದಾದ ಬ್ರಹ್ಮಗಣ, ಉಳಿದವು ವಿಷ್ಣುಗಣ. ಸಾಲಿನ ಎರಡನೆಯ ಅಕ್ಷರ ಒಂದೇ ಆಗಿ ಬರುವುದು ಪ್ರಾಸ. ಅದು ಒಂದು ಸಾಲನ್ನು ಇನ್ನೊಂದಕ್ಕೆ ಬಿಗಿಯುತ್ತದೆ. ಮರೆತ ಸಾಲನ್ನು ನೆನಪಿಗೆ ತರುತ್ತದೆ.

ಈ ಗಣಗಳಿಗೆ ಅಂಶಗಣವೆನ್ನುತ್ತಾರೆ. ಇಲ್ಲಿ ಹಾಡುವವರು ಅಕ್ಷರವನ್ನು ಬೇಕಾದಷ್ಟು ಎಳೆಯಬಹುದು. ಆದ್ದರಿಂದ ಪುಸ್ತಕ ನೋಡಿ ಎಣಿಸಿದಾಗ ಕುಂಟಿದಂತೆ ಕಾಣುವ ಸಾಲು, ಹಾಡಿದಾಗ ನೆಟ್ಟಗೆ ನಡೆಯುತ್ತದೆ. ಎರಡನೆಯ ಸಾಲಿನ ಭಾಗವನ್ನು ಮತ್ತೊಮ್ಮೆ ಹಾಡಿ ಮೂರನೆಯದಕ್ಕೆ ಹೋಗುವುದು ರೂಢಿ. ಬರೆದಾಗ ಮೂರು ಸಾಲು, ಹಾಡಿದಾಗ ನಾಲ್ಕು! ಹೀಗೆ ಮರಳಿ ಹಾಡುವಾಗ ಮನಸ್ಸು ಒಂದು ಕ್ಷಣ ನಿಲ್ಲುತ್ತದೆ. ಕೊನೆಯ ಕಿರುಸಾಲಿನಲ್ಲಿ ಅರ್ಥ ಎದೆಗೆ ಇಳಿಯುತ್ತದೆ.

ಈ ಮಟ್ಟು ಬಲು ಹಳೆಯದು. ಬಾದಾಮಿಯಲ್ಲಿ ಸುಮಾರು ಕ್ರಿ.ಶ. 700ರ ಕಪ್ಪೆ ಅರಭಟ್ಟನ ಶಾಸನದಲ್ಲಿಯೇ ತ್ರಿಪದಿಗಳಿವೆ. ಸರ್ವಜ್ಞ ನುಡಿದದ್ದು ಇದರಲ್ಲಿಯೇ. ಹಲಸಂಗಿಯ ಗೆಳೆಯರು ಸಂಗ್ರಹಿಸಿದ ‘ಗರತಿಯ ಹಾಡು’ ಕೂಡ ಇದೇ ಮಟ್ಟಿನದು. ಬೀಸುವಾಗ, ಕುಟ್ಟುವಾಗ, ತೊಟ್ಟಿಲು ತೂಗುವಾಗ ನಮ್ಮ ತಾಯಂದಿರ ಬಾಯಲ್ಲಿ ಇದ್ದದ್ದು ತ್ರಿಪದಿಯೇ. ಅಕ್ಷರ ಬಾರದವರಿಗೂ ದಕ್ಕಲಿ, ಕೈ ಕಾಯಕದಲ್ಲಿರುವಾಗ ನಾಲಿಗೆ ಶಿವಸ್ಮರಣೆಯಲ್ಲಿರಲಿ ಎಂದೇ ಅಕ್ಕ ಈ ಮಟ್ಟನ್ನು ಆರಿಸಿರಬೇಕೆಂದು ನಮ್ಮ ಭಾವನೆ.

ಇಂದು ಬೀಸುವ ಕಲ್ಲು ಮೂಲೆ ಸೇರಿದೆ. ಹಿಟ್ಟಿನ ಗಿರಣಿ ಬಂದದ್ದರಿಂದ ತಾಯಂದಿರ ರಟ್ಟೆಗೆ ವಿಶ್ರಾಂತಿ ಸಿಕ್ಕಿತು, ಅದು ಒಳ್ಳೆಯದೇ. ಆದರೆ ಕಲ್ಲಿನೊಡನೆ ಹಾಡೂ ಮೂಲೆ ಸೇರಬೇಕೆ? ಅಕ್ಷರಗಳನ್ನು ಗ್ರಂಥ ಕಾಯುತ್ತದೆ, ಮಟ್ಟನ್ನು ಕಾಯಲಾರದು. ಎಲ್ಲಿ ಎಳೆಯಬೇಕು, ಎಲ್ಲಿ ಮರಳಬೇಕು ಎಂಬುದು ಹಾಡಿ ಬಲ್ಲ ಹಿರಿಯರ ಕೊರಳಿನಲ್ಲಿದೆ. ಆ ಕೊರಳು ಸುಮ್ಮನಾದರೆ ಉಳಿಯುವುದು ಲೆಕ್ಕ ಮಾತ್ರ.

ಆದ್ದರಿಂದ ಹಿರಿಯರಲ್ಲಿ ನಮ್ಮದೊಂದು ಬಿನ್ನಹ. ಸಂಜೆ ದೀಪ ಹಚ್ಚಿದ ಮೇಲೆ ಮೊಮ್ಮಕ್ಕಳನ್ನು ಹತ್ತಿರ ಕೂಡಿಸಿಕೊಂಡು ದಿನಕ್ಕೊಂದು ತ್ರಿಪದಿ ಹಾಡಿರಿ. ಧ್ವನಿ ನಡುಗಿದರೂ ಚಿಂತೆಯಿಲ್ಲ. ಅಕ್ಕನ 67 ತ್ರಿಪದಿಗಳಿಗೆ 67 ಸಂಜೆಗಳು ಸಾಕು. ಮಠಕ್ಕೆ ಸಲ್ಲಿಸುವ ಕಾಣಿಕೆಗಿಂತ ಇದು ಕಡಿಮೆಯ ಸೇವೆಯಲ್ಲ.