ವಿಕಿರಣವನ್ನು ಅಳೆಯುವ ಮಾನಗಳು – ಸಾರ್ವಜನಿಕರ ಮಾಹಿತಿಗಾಗಿ

ಕ್ಷ-ಕಿರಣ ಪರೀಕ್ಷೆ, ಸಿ.ಟಿ. ಸ್ಕ್ಯಾನ್ ಹಾಗೂ ವಿಕಿರಣ ಚಿಕಿತ್ಸೆಗೆ ಸಂಬಂಧಿಸಿದ ದಾಖಲೆಗಳಲ್ಲಿ ಬೆಕೆರೆಲ್, ಗ್ರೇ ಮತ್ತು ಸೀವರ್ಟ್ ಎಂಬ ಮಾನಗಳು ಬಳಕೆಯಲ್ಲಿವೆ. ಇವು ಬೇರೆ ಬೇರೆ ಸಂಗತಿಗಳನ್ನು ಅಳೆಯುವುದರಿಂದ ಒಂದರ ಬದಲಿಗೆ ಮತ್ತೊಂದನ್ನು ನಮೂದಿಸತಕ್ಕದ್ದಲ್ಲ.

1. ಬೆಕೆರೆಲ್: ಇದು ವಿಕಿರಣಶೀಲ ವಸ್ತುವಿನ ಚಟುವಟಿಕೆಯ ಮಾನ. ಸೆಕೆಂಡಿಗೆ ಒಂದು ಪರಮಾಣು ವಿಘಟನೆಗೊಂಡರೆ ಒಂದು ಬೆಕೆರೆಲ್. ಇದು ಅತ್ಯಲ್ಪ ಪ್ರಮಾಣ; ವಯಸ್ಕರ ಶರೀರದಲ್ಲಿ ಸ್ವಾಭಾವಿಕವಾಗಿರುವ ಪೊಟ್ಯಾಸಿಯಂನಲ್ಲಿಯೇ ಸುಮಾರು 4,000 ಬೆಕೆರೆಲ್ ಚಟುವಟಿಕೆ ಇರುತ್ತದೆ. ಹಳೆಯ ಮಾನವಾದ ಒಂದು ಕ್ಯೂರಿಯು 3,700 ಕೋಟಿ ಬೆಕೆರೆಲ್‌ಗೆ ಸಮ. ಕ್ಷ-ಕಿರಣ ಯಂತ್ರದಲ್ಲಿ ವಿಕಿರಣಶೀಲ ವಸ್ತು ಇಲ್ಲದ ಕಾರಣ ಅದಕ್ಕೆ ಈ ಮಾನವು ಅನ್ವಯಿಸುವುದಿಲ್ಲ.

2. ಗ್ರೇ: ಇದು ವಸ್ತು ಅಥವಾ ಶರೀರವು ಹೀರಿಕೊಂಡ ಶಕ್ತಿಯ ಮಾನ. ಒಂದು ಕಿಲೋಗ್ರಾಂಗೆ ಒಂದು ಜೌಲ್ ಶಕ್ತಿ ಸೇರಿದರೆ ಒಂದು ಗ್ರೇ, ಅಂದರೆ 100 ರ್‍ಯಾಡ್.

3. ಸೀವರ್ಟ್: ಇದು ಆರೋಗ್ಯದ ಮೇಲಿನ ಅಪಾಯವನ್ನು ಅಂದಾಜಿಸುವ ಮಾನ. ಒಂದೇ ಪ್ರಮಾಣದ ಶಕ್ತಿ ಹೀರಲ್ಪಟ್ಟರೂ ಆಲ್ಫಾ ಕಣಗಳನ್ನು ಗಾಮಾ ಕಿರಣಗಳಿಗಿಂತ 20 ಪಟ್ಟು ಹಾನಿಕರವೆಂದು ಲೆಕ್ಕ ಹಾಕಲಾಗುತ್ತದೆ. ಒಂದು ಸೀವರ್ಟ್ ಎಂದರೆ 100 ರೆಮ್.

ಗಮನಿಸಬೇಕಾದ ಅಂಶಗಳು

ಒಂದು ಸೀವರ್ಟ್‌ಗೆ 1,000 ಮಿಲಿಸೀವರ್ಟ್. ಒಂದು ಮಿಲಿಸೀವರ್ಟ್‌ಗೆ 1,000 ಮೈಕ್ರೋಸೀವರ್ಟ್. ಈ ಪೂರ್ವಪದವು ತಪ್ಪಿದಲ್ಲಿ ಪ್ರಮಾಣವು ಸಾವಿರ ಪಟ್ಟು ವ್ಯತ್ಯಾಸವಾಗುತ್ತದೆ.

ಮಾಪಕಗಳು ಸಾಮಾನ್ಯವಾಗಿ ಗಂಟೆಯ ದರವನ್ನು ತೋರಿಸುತ್ತವೆ. ಬಡ್ಡಿಯ ದರವೇ ಬಡ್ಡಿಯ ಮೊತ್ತವಲ್ಲ, ಅವಧಿಯನ್ನೂ ಪರಿಗಣಿಸಬೇಕು. ಗಂಟೆಗೆ 0.1 ಮೈಕ್ರೋಸೀವರ್ಟ್ ಇರುವ ಸ್ಥಳದಲ್ಲಿ ವರ್ಷದ 8,760 ಗಂಟೆಗಳೂ ಇದ್ದರೆ ಒಟ್ಟು 876 ಮೈಕ್ರೋಸೀವರ್ಟ್, ಅಂದರೆ 0.876 ಮಿಲಿಸೀವರ್ಟ್ ಆಗುತ್ತದೆ.

ಹೋಲಿಕೆಗಾಗಿ ಪ್ರಮಾಣಗಳು (ಮಿಲಿಸೀವರ್ಟ್‌ಗಳಲ್ಲಿ)

- ಎದೆಯ ಒಂದು ಕ್ಷ-ಕಿರಣ ಚಿತ್ರ: 0.02 ರಿಂದ 0.1
- ಹೊಟ್ಟೆಯ ಸಿ.ಟಿ. ಸ್ಕ್ಯಾನ್: ಸುಮಾರು 5 ರಿಂದ 10
- ನೈಸರ್ಗಿಕ ವಿಕಿರಣ, ಜಾಗತಿಕ ಸರಾಸರಿ: ವರ್ಷಕ್ಕೆ 2.4
- ಸಾರ್ವಜನಿಕರಿಗೆ ನಿಗದಿಪಡಿಸಿದ ಮಿತಿ: ವರ್ಷಕ್ಕೆ 1
- ವಿಕಿರಣ ಕ್ಷೇತ್ರದ ನೌಕರರಿಗೆ: ಐದು ವರ್ಷಗಳ ಸರಾಸರಿ ವರ್ಷಕ್ಕೆ 20, ಯಾವುದೇ ಒಂದು ವರ್ಷದಲ್ಲಿ 30ನ್ನು ಮೀರತಕ್ಕದ್ದಲ್ಲ

ಸಾರ್ವಜನಿಕರ ಮಿತಿಯು ನೈಸರ್ಗಿಕ ವಿಕಿರಣವನ್ನಾಗಲೀ ರೋಗಿಯು ಪಡೆಯುವ ವೈದ್ಯಕೀಯ ವಿಕಿರಣವನ್ನಾಗಲೀ ಒಳಗೊಂಡಿಲ್ಲ. ಆದುದರಿಂದ ಈ ಅಂಕಿಯನ್ನು ಕಂಡು ಅಗತ್ಯವಾದ ಸ್ಕ್ಯಾನ್ ಅನ್ನು ನಿರಾಕರಿಸಬಾರದು. ಅಂತೆಯೇ ಅನಗತ್ಯವಾಗಿ ಪರೀಕ್ಷೆಯನ್ನು ಪುನರಾವರ್ತಿಸದಂತೆ ಹಳೆಯ ಚಿತ್ರ ಹಾಗೂ ವರದಿಗಳನ್ನು ಜೋಪಾನವಾಗಿಟ್ಟು ವೈದ್ಯರಿಗೆ ತೋರಿಸುವುದು.

ಸೂಚನೆ: ಗರ್ಭಿಣಿಯರು ಹಾಗೂ ಗರ್ಭಧಾರಣೆಯ ಸಂಭವವಿರುವವರು ಪರೀಕ್ಷೆಗೆ ಮುನ್ನವೇ ಈ ವಿಷಯವನ್ನು ವೈದ್ಯರಿಗೆ ಹಾಗೂ ಕ್ಷ-ಕಿರಣ ತಂತ್ರಜ್ಞರಿಗೆ ತಪ್ಪದೇ ತಿಳಿಸತಕ್ಕದ್ದು.