ಒಳಕಿವಿಯ ಸುಳಿವು

ಬುದ್ಧಿ ಚುರುಕು, ಕಣ್ಣು ಕಿವಿ ಸರಿ, ಆದರೂ ಅಕ್ಷರ ಹತ್ತದು. ಕುರ್ಚಿಯಲ್ಲಿ ನೆಟ್ಟಗೆ ಕೂರಲಾರರು, ಯಾರಾದರೂ ಮೈ ತಾಗಿಸಿದರೆ ಸಿಡುಕುತ್ತಾರೆ. ಇಂಥ ಮಕ್ಕಳಿಗೆ ಹಟಮಾರಿಗಳು, ಮೈಗಳ್ಳರು ಎಂಬ ಹೆಸರು ಬಲು ಬೇಗ ಅಂಟುತ್ತದೆ. ಆ ಮಾತನ್ನು ಒಪ್ಪದೆ ಕಾರಣ ಹುಡುಕಹೊರಟವರು ಕ್ಯಾಲಿಫೋರ್ನಿಯಾದ ಆಕ್ಯುಪೇಷನಲ್ ಥೆರಪಿಸ್ಟ್ ಜೀನ್ ಏರ್ಸ್.

ಸೆರೆಬ್ರಲ್ ಪಾಲ್ಸಿ ಇದ್ದವರೊಡನೆ ಕೆಲಸ ಮಾಡುವಾಗಲೇ ಏರ್ಸ್ ಅವರನ್ನು ಒಂದು ಸಂಗತಿ ಕಾಡಿತ್ತು: ತೊಡಕು ಸ್ನಾಯುವಿನದಷ್ಟೇ ಅಲ್ಲ, ಮೈಯಿಂದ ಬರುವ ಸುದ್ದಿಯನ್ನು ಮಿದುಳು ಜೋಡಿಸಿಕೊಳ್ಳುವ ಬಗೆಯದೂ ಹೌದು. 1961ರಲ್ಲಿ ಪಿಎಚ್‌.ಡಿ. ಮುಗಿಸಿ, ಮಿದುಳನ್ನೇ ಅರಿಯಬೇಕೆಂದು ಯುಸಿಎಲ್‌ಎ ವಿಶ್ವವಿದ್ಯಾಲಯದ ಮಿದುಳು ಸಂಶೋಧನಾ ಸಂಸ್ಥೆಗೆ ಹೋದರು. ಓದುಬರಹದ ತೊಂದರೆಗೆ ಎಲ್ಲರೂ ಕಣ್ಣು ಕಿವಿ ನೋಡುತ್ತಿದ್ದಾಗ ಅವರು ಚರ್ಮ, ಕೀಲು, ಸ್ನಾಯು, ಸಮತೋಲನಗಳತ್ತ ತಿರುಗಿದರು. ಅವರ ನಿಜವಾದ ಧೈರ್ಯ ಇಲ್ಲೇ ಇತ್ತು ಎಂದು ನನಗನಿಸುತ್ತದೆ.

1975ರಲ್ಲಿ ಅವರು ಪ್ರಕಟಿಸಿದ ಒಂದು ಪರೀಕ್ಷೆ ಎಷ್ಟು ಸರಳ ನೋಡಿ. ಮಗುವನ್ನು ತಿರುಗುವ ಹಲಗೆಯ ಮೇಲೆ ಕೂರಿಸಿ, ತಲೆ ತುಸು ಬಾಗಿಸಿ, 20 ಸೆಕೆಂಡಿನಲ್ಲಿ 10 ಸುತ್ತು ತಿರುಗಿಸಿ ಥಟ್ಟನೆ ನಿಲ್ಲಿಸಬೇಕು. ಹಲಗೆ ನಿಂತರೂ ಒಳಕಿವಿಯ ದ್ರವ ಕೂಡಲೇ ನಿಲ್ಲದು. ಎದುರು ದಿಕ್ಕಿಗೆ ತಿರುಗುತ್ತಿದ್ದೇನೆಂದು ಮಿದುಳು ಭಾವಿಸುತ್ತದೆ, ಕಣ್ಣುಗುಡ್ಡೆ ಪಟಪಟನೆ ಅತ್ತಿತ್ತ ಆಡುತ್ತದೆ. ಆ ಆಟ ಎಷ್ಟು ಹೊತ್ತು ಎಂದು ಎಣಿಸಿದರಾಯಿತು. ಕಲಿಕೆಯ ತೊಂದರೆಯಿದ್ದ ಹಲವು ಮಕ್ಕಳಲ್ಲಿ ಅದು ಬೇಗನೆ ನಿಂತುಹೋಗುತ್ತಿತ್ತು. ಮೈಯ ಸುದ್ದಿ ಜೋಡಿಸಿಕೊಳ್ಳಲು ಮಿದುಳಿಗೆ ನೆರವಾಗಲೆಂದು ಏರ್ಸ್ ರೂಪಿಸಿದ ಚಿಕಿತ್ಸೆಯಿಂದ ಅಂಥವರೇ ಹೆಚ್ಚು ಮುಂದೆ ಬಂದರು ಎಂದು 1978ರಲ್ಲಿ ಅವರು ವರದಿ ಮಾಡಿದರು.

ಚಿಕಿತ್ಸೆ ಎಂದರೆ ಆಟವೇ: ತೂಗುಹಾಕಿದ ಉಯ್ಯಾಲೆ, ಬೋರಲು ಮಲಗಿ ತಳ್ಳಿಕೊಂಡು ಹೋಗುವ ಗಾಲಿಹಲಗೆ, ಹತ್ತಲು ಏಣಿ. ಆಟ ಆರಿಸುವಲ್ಲಿ ಮಗುವಿನ ಮಾತೂ ನಡೆಯಬೇಕು. ಅದು ತೀರಾ ಸುಲಭವೂ ಆಗದಂತೆ, ಮಗು ಸೋತು ಕೂರುವಂತೆಯೂ ಆಗದಂತೆ ಹದ ನೋಡುವುದು ಥೆರಪಿಸ್ಟರ ಕೆಲಸ.

ಏರ್ಸ್ 1988ರಲ್ಲಿ ತೀರಿಕೊಂಡರು. ಚಿಕಿತ್ಸೆ ನಿಜಕ್ಕೂ ಫಲಿಸುತ್ತದೆಯೇ ಎಂಬ ವಾದ ತೀರಲಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲಿ, ಈ ಚಿಕಿತ್ಸೆಯ ಫಲದ ಬಗ್ಗೆ ಪುರಾವೆ ಇನ್ನೂ ಸಾಲದು, ಅದನ್ನು ಹೆತ್ತವರಿಗೆ ತಿಳಿಸಬೇಕು ಎಂದಿತು. ಹಾಗಾಗಿ ಮಗುವನ್ನು ಚಿಕಿತ್ಸೆಗೆ ಸೇರಿಸುವ ಮುನ್ನವೇ ಥೆರಪಿಸ್ಟರನ್ನು ಕೇಳಿ: ಏನು ಬದಲಾಗಬೇಕು, ಅಂಗಿ ತೊಡುವುದೋ, ಊಟವೋ, ನಿದ್ದೆಯೋ? ಬದಲಾಯಿತೆಂದು ಯಾವಾಗ, ಹೇಗೆ ನೋಡುತ್ತೀರಿ?