ವರ್ಣ ಫಿಲ್ಮ್‌ನ ಕಪ್ಪು-ಬಿಳುಪು ಸಂಸ್ಕರಣೆ

ಬಣ್ಣದ ಫಿಲ್ಮನ್ನು ಅದಕ್ಕೆಂದೇ ಇರುವ ರಾಸಾಯನಿಕಗಳ ಬದಲು ಕಪ್ಪು-ಬಿಳುಪು ಡೆವಲಪರ್ ಮತ್ತು ಫಿಕ್ಸರ್‌ಗಳಲ್ಲಿ ತೊಳೆಯುವುದನ್ನು ವರ್ಣ ಫಿಲ್ಮ್‌ನ ಕಪ್ಪು-ಬಿಳುಪು ಸಂಸ್ಕರಣೆ ಎನ್ನಲಾಗುತ್ತದೆ. ಮೂಲ ಸಂಸ್ಕರಣಾ ಸೌಲಭ್ಯವೇ ಇಲ್ಲವಾಗಿರುವ ಹಳೆಯ ಫಿಲ್ಮ್‌ಗಳಿಂದ ಚಿತ್ರ ಪಡೆಯಲು ಇದು ಬಹುಮಟ್ಟಿಗೆ ಉಳಿದಿರುವ ದಾರಿ.

ಬಣ್ಣದ ಫಿಲ್ಮ್‌ನಲ್ಲೂ ಬೆಳಕನ್ನು ಹಿಡಿಯುವುದು ಬೆಳ್ಳಿಯ ಲವಣಗಳೇ. ಸಿ-41 ವಿಧಾನದಲ್ಲಿ 37.8 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಬಣ್ಣದ ಡೆವಲಪರ್ ಈ ಲವಣವನ್ನು ಬೆಳ್ಳಿಯಾಗಿಸುತ್ತ ತಾನು ಉತ್ಕರ್ಷಣಗೊಂಡು, ಪದರಗಳಲ್ಲಿರುವ ಕಪ್ಲರ್‌ಗಳೊಡನೆ ಸೇರಿ ಬಣ್ಣವನ್ನುಂಟುಮಾಡುತ್ತದೆ. ಬಳಿಕ ಬ್ಲೀಚ್ ಮತ್ತು ಫಿಕ್ಸರ್ ಬೆಳ್ಳಿಯನ್ನು ತೆಗೆದುಹಾಕುತ್ತವೆ. ಡಿ-76ರಂತಹ ಕಪ್ಪು-ಬಿಳುಪು ಡೆವಲಪರ್‌ನಿಂದ ಬಣ್ಣ ಹುಟ್ಟದು, ಬೆಳ್ಳಿಯ ಚಿತ್ರವಷ್ಟೇ ಮೂಡುತ್ತದೆ. ಆದ್ದರಿಂದ ಇಲ್ಲಿ ಬ್ಲೀಚ್ ಬಳಸಬಾರದು. ಬಳಸಿ ಫಿಕ್ಸರ್‌ಗೆ ಹಾಕಿದರೆ ಚಿತ್ರವೇ ಅಳಿಸಿಹೋಗುತ್ತದೆ. ನೆಗೆಟಿವ್‌ನ ಕಿತ್ತಳೆ ಛಾಯೆಯೂ ಹಾಗೆಯೇ ಉಳಿಯುತ್ತದೆ. ಕಪ್ಪು-ಬಿಳುಪು ಮುದ್ರಣ ಕಾಗದ ಮುಖ್ಯವಾಗಿ ನೀಲಿ ಬೆಳಕಿಗೆ ಸ್ಪಂದಿಸುವುದರಿಂದ ಮುದ್ರಣಕ್ಕೆ ಹೆಚ್ಚು ಸಮಯ ಬೆಳಕು ಕೊಡಬೇಕಾಗುತ್ತದೆ. ಸ್ಕ್ಯಾನ್ ಮಾಡುವುದು ಸುಲಭ. ಸಿ-41 ಇಂದಿಗೂ ಲಭ್ಯವಿರುವಾಗ ಹೊಸ ರೋಲನ್ನು ಹೀಗೆ ತೊಳೆದು ಬಣ್ಣ ಕಳೆದುಕೊಳ್ಳುವುದರಲ್ಲಿ ಹೆಚ್ಚಿನ ಅರ್ಥವಿಲ್ಲ.

ಕೊಡಕ್ರೋಮ್‌ನ ಸ್ಥಿತಿ ಬೇರೆ. 1935ರಲ್ಲಿ ಬಂದ ಈ ಫಿಲ್ಮ್‌ನಲ್ಲಿ ಕಪ್ಲರ್‌ಗಳೇ ಇರಲಿಲ್ಲ. ಅವು ಡೆವಲಪರ್ ದ್ರಾವಣಗಳಲ್ಲಿದ್ದವು. ಕೊಡಕ್ ಸಂಸ್ಥೆ 2009ರಲ್ಲಿ ಇದನ್ನು ಕೈಬಿಟ್ಟಿತು. ಅಮೆರಿಕದ ಕ್ಯಾನ್ಸಸ್‌ನಲ್ಲಿರುವ ಡ್ವೇನ್ಸ್ ಫೋಟೊ ಕೊನೆಯ ರೋಲ್‌ಗಳನ್ನು ಸ್ವೀಕರಿಸಿದ್ದು 2010ರ ಡಿಸೆಂಬರ್ 30ರಂದು. ಆನಂತರವೂ ತೊಳೆಯದೆ ಉಳಿದ ರೋಲ್‌ಗಳಿಂದ ಸಾಮಾನ್ಯವಾಗಿ ಕಪ್ಪು-ಬಿಳುಪು ಚಿತ್ರ ಮಾತ್ರ ದೊರೆಯುತ್ತದೆ. ಅದಕ್ಕೂ ಫಿಲ್ಮ್‌ನ ಹಿಂಬದಿಯ ಕಪ್ಪು ಇಂಗಾಲದ ಲೇಪವನ್ನು ಉಜ್ಜಿ ತೆಗೆಯಬೇಕು.